ವೈದ್ಯವೃತ್ತಿಯೂ ಹೇಸಿಗೆಯೂ

(ಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಮಕ್ಕಳು ಹತ್ತನೆಯ ತರಗತಿಯನ್ನು ದಾಟಿದೊಡನೆಯೇ ಮನೆಮನೆಯಲ್ಲಿಯೂ ಅವರ ಮುಂದಿನ ವಿದ್ಯೆಯ ವಿಚಾರವು ತಲೆದೋರುವುದು ಸಹಜವಾಗಿದೆ. ವೈದ್ಯವಿದ್ಯೆಯ ಮೇಲೆ ಜನರಿಗೆ ಇರುವ ಆದರವೂ ಎಲ್ಲರಿಗೂ ತಿಳಿದುದೇ ಆಗಿದೆ. ಆದರೆ ಕೆಲವು ಮನೆಗಳಲ್ಲಿ ಈ ವಿಚಾರವು ಒಂದು ವಿಚಿತ್ರವಾದ ತೊಡಕಿನಲ್ಲಿ ಸಿಕ್ಕಿಕೊಳ್ಳುವುದು. ಹುಡುಗನಿಗೆ ಬುದ್ಧಿಯುಂಟು, ಓದಿನಲ್ಲಿ ಶ್ರದ್ಧೆಯುಂಟು, ನೋವಿನಲ್ಲಿರುವವರನ್ನು ಕಂಡರೆ ಕರುಣೆಯೂ ಉಂಟು. ಆದರೆ ನೆತ್ತರನ್ನು ಕಂಡೊಡನೆ ಅವನಿಗೆ ಬವಳಿ ಬರುವುದು. ಹುಡುಗಿಗೆ ದಾದಿಯ ವಿದ್ಯೆಯನ್ನು ಕಲಿಯಬೇಕೆಂಬ ಹಂಬಲವುಂಟು. ಆದರೆ ಕಫವನ್ನೋ ಕೀವನ್ನೋ ಕಂಡರೆ ಅವಳಿಗೆ ವಾಕರಿಕೆ ತಡೆಯದು.

ಇಂತಹ ಸಂದರ್ಭದಲ್ಲಿ ಹಿರಿಯರು ಎರಡು ವಿಧವಾಗಿ ಮಾತನಾಡುವುದುಂಟು. ಕೆಲವರು, “ಇದೇನು ಮಹಾ! ಕಾಲೇಜಿಗೆ ಸೇರಿದರೆ ತಾನಾಗಿಯೇ ಸರಿಹೋಗುವುದು” ಎಂದು ನಕ್ಕುಬಿಡುವರು. ಮತ್ತೆ ಕೆಲವರು, “ನೆತ್ತರು ಕಂಡರೆ ಬೀಳುವವನಿಗೆ ಡಾಕ್ಟರಿಕೆ ಏತಕ್ಕೆ?” ಎಂದು ಬಾಗಿಲನ್ನೇ ಮುಚ್ಚಿಬಿಡುವರು. ಮೊದಲಿನವರ ಮಾತನ್ನು ನಂಬಿ ಹೋದ ಮಗು ವರ್ಷಗಟ್ಟಲೆ ಒಳಗೊಳಗೇ ಬೇಯಬಹುದು. ಎರಡನೆಯವರ ಮಾತನ್ನು ನಂಬಿ ಹಿಂದೆಗೆದ ಮಗು ತನಗೆ ಒಪ್ಪುವ ಸೇವೆಯನ್ನು ಜೀವಮಾನವೆಲ್ಲ ಕಳೆದುಕೊಳ್ಳಬಹುದು. ಒಂದು ಜೀವದ ಐವತ್ತು ವರ್ಷಗಳ ದುಡಿಮೆಯು ಇಂತಹ ಒಂದು ಮಾತಿನಿಂದ ಈ ಕಡೆಗೋ ಆ ಕಡೆಗೋ ತಿರುಗಬಹುದಾದುದರಿಂದ, ಹೇಸಿಗೆಯೆಂದರೆ ಏನು, ಅದು ಎಲ್ಲಿಯವರೆಗೆ ಅಡ್ಡಿ, ಎಲ್ಲಿಂದ ಮುಂದೆ ಅಡ್ಡಿಯಲ್ಲ ಎಂಬುದನ್ನು ಸಾವಧಾನವಾಗಿ ವಿಚಾರಮಾಡುವುದು ಯೋಗ್ಯವಾಗಿದೆ.

ಮೊಟ್ಟಮೊದಲು ತಿಳಿಯಬೇಕಾದುದೇನೆಂದರೆ, ಜನರು ‘ಹೇಸಿಗೆ’ ಎಂಬ ಒಂದೇ ಹೆಸರಿನಿಂದ ಕರೆಯುವುದರಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಅಡಗಿವೆ. ಒಂದು, ಅಸಹ್ಯಪಟ್ಟು ವಾಕರಿಸುವುದು; ಇನ್ನೊಂದು, ತಲೆ ತಿರುಗಿ ಬೀಳುವುದು. ಇವೆರಡಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ.

ಅಸಹ್ಯವೆಂಬುದು ಮನುಷ್ಯನ ಮೂಲಭಾವಗಳಲ್ಲಿ ಒಂದು. ಈ ದೇಶದ ಅಲಂಕಾರಶಾಸ್ತ್ರಜ್ಞರು ಇದನ್ನು ಜುಗುಪ್ಸೆಯೆಂದು ಕರೆದು, ಬೀಭತ್ಸರಸಕ್ಕೆ ಸ್ಥಾಯೀಭಾವವೆಂದು ಎಣಿಸಿದರು. ಚಾರ್ಲ್ಸ್ ಡಾರ್ವಿನ್ ೧೮೭೨ರಲ್ಲಿ ಭಾವಗಳ ಅಭಿವ್ಯಕ್ತಿಯನ್ನು ಕುರಿತು ಬರೆದ ಗ್ರಂಥದಲ್ಲಿ ಅಸಹ್ಯದಿಂದ ಮುಖದಲ್ಲಿ ಆಗುವ ವಿಕಾರಗಳನ್ನು ವಿವರವಾಗಿ ವರ್ಣಿಸಿರುವನು. ಈಚೆಗೆ ಲಂಡನ್ನಿನ ವಿದುಷಿ ವ್ಯಾಲರಿ ಕರ್ಟಿಸ್ ಮತ್ತು ಅವರ ಸಂಗಡಿಗರು ೨೦೦೪ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ರೋಗವನ್ನು ಹರಡಬಲ್ಲ ವಸ್ತುಗಳ ಚಿತ್ರಗಳನ್ನು ಕಂಡಾಗಲೇ ಜನರು ಹೆಚ್ಚಾಗಿ ಅಸಹ್ಯಪಡುವರೆಂದು ತೋರಿಸಿದರು. ಮಲ, ಕೀವು, ವಾಂತಿ, ಕಫ, ಕೊಳೆತ ಮಾಂಸ — ಇವೆಲ್ಲವೂ ರೋಗಾಣುಗಳ ವಾಹನಗಳು. ರೋಗಾಣುವೆಂಬ ಹೆಸರೇ ಹುಟ್ಟದಿದ್ದ ಕಾಲದಲ್ಲಿ ಮನುಷ್ಯನನ್ನು ಇವುಗಳಿಂದ ದೂರವಿಟ್ಟು ಕಾಪಾಡಿದ ಕಾವಲುಗಾರನೇ ಈ ಅಸಹ್ಯ. ಆದುದರಿಂದ ವಾಕರಿಕೆ ಬರುವ ಮಗುವನ್ನು ಹೇಡಿಯೆಂದಾಗಲಿ, ಸುಖಪುರುಷನೆಂದಾಗಲಿ ಜರೆಯುವುದು ನ್ಯಾಯವಲ್ಲ. ಅವನ ದೇಹವು ತನ್ನ ಕೆಲಸವನ್ನು ತುಸು ಹೆಚ್ಚು ನಿಷ್ಠೆಯಿಂದ ಮಾಡುತ್ತಿರುವುದು, ಅಷ್ಟೆ.

ವೈದ್ಯನಲ್ಲಿ ಈ ಭಾವವು ಪೂರ್ತಿಯಾಗಿ ಸತ್ತುಹೋಗುವುದು ಒಳ್ಳೆಯದೂ ಅಲ್ಲ. ಇದಕ್ಕೆ ವಿಯೆನ್ನಾ ನಗರದ ಹೆರಿಗೆಯ ಆಸ್ಪತ್ರೆಯ ಕಥೆಯೇ ಸಾಕ್ಷಿ. ಅಲ್ಲಿ ವೈದ್ಯರೂ ವಿದ್ಯಾರ್ಥಿಗಳೂ ಶವಗಳನ್ನು ಕೊಯ್ದು ಪರೀಕ್ಷಿಸಿದ ಕೈಗಳಿಂದಲೇ ಬಂದು ಬಾಣಂತಿಯರನ್ನು ಮುಟ್ಟುತ್ತಿದ್ದರು. ಸಾಬೂನಿನಿಂದ ತೊಳೆದರೂ ಆ ಕೈಗಳಲ್ಲಿ ಶವದ ವಾಸನೆ ಉಳಿಯುತ್ತಿದ್ದಿತು. ಯಾರಿಗೂ ಅದು ದೊಡ್ಡದಾಗಿ ತೋರಲಿಲ್ಲ. ಇಗ್ನಾಟ್ಸ್ ಸೆಮ್ಮೆಲ್‌ವೈಸ್ ಎಂಬ ವೈದ್ಯನು ಆ ವಾಸನೆಯನ್ನೇ ಗುರುತಾಗಿ ಹಿಡಿದು, ಅದನ್ನು ಹೋಗಲಾಡಿಸುವ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಎಲ್ಲರೂ ಕೈ ತೊಳೆಯಬೇಕೆಂದು ೧೮೪೭ರಲ್ಲಿ ಕಟ್ಟು ಮಾಡಿದನು. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ನೂರಕ್ಕೆ ೧೮ರಷ್ಟು ತಾಯಂದಿರು ಸಾಯುತ್ತಿದ್ದ ವಿಭಾಗದಲ್ಲಿ ಜೂನ್ ತಿಂಗಳ ಹೊತ್ತಿಗೆ ಸಾವು ನೂರಕ್ಕೆ ಸುಮಾರು ೨ಕ್ಕೆ ಇಳಿಯಿತು. ಹೇಸಿಗೆಯನ್ನು ಮರೆತ ಕೈಗಳು ಕೊಂದುವು. ಹೇಸಿಗೆಯ ಗುರುತನ್ನು ಲಕ್ಷಿಸಿದ ಬುದ್ಧಿಯು ಬದುಕಿಸಿತು. ಆದುದರಿಂದ ವೈದ್ಯನಾಗುವವನು ಈ ಭಾವವನ್ನು ಕೊಲ್ಲಬೇಕಾದುದಿಲ್ಲ, ಆಳಬೇಕಾದುದುಂಟು.

ಇನ್ನು ಬವಳಿಯ ವಿಚಾರ. ಹುಲಿಯನ್ನೋ ಹಾವನ್ನೋ ಕಂಡು ಹೆದರಿದವನ ಎದೆ ಡವಡವನೆ ಬಡಿದುಕೊಳ್ಳುವುದು, ರಕ್ತದ ಒತ್ತಡವು ಏರುವುದು. ಅಂತಹವನು ಸಾಮಾನ್ಯವಾಗಿ ಮೂರ್ಛೆ ಹೋಗುವುದಿಲ್ಲ. ನೆತ್ತರು, ಗಾಯ ಅಥವಾ ಸೂಜಿಯನ್ನು ಕಂಡು ಬೀಳುವವನಲ್ಲಾದರೋ ಮೊದಲು ಒತ್ತಡವು ಏರಿ, ಮರುಕ್ಷಣವೇ ಥಟ್ಟನೆ ಇಳಿದುಹೋಗುವುದು, ನಾಡಿ ನಿಧಾನವಾಗುವುದು, ಮಿದುಳಿಗೆ ಸಾಲದಷ್ಟು ರಕ್ತವು ಸಿಕ್ಕದೆ ಕಣ್ಣು ಕತ್ತಲೆಗೂಡಿ ಅವನು ಕುಸಿಯುವನು. ನೂರು ಜನರಲ್ಲಿ ಸುಮಾರು ಮೂರು ನಾಲ್ಕು ಮಂದಿಗೆ ಈ ಅಂಜಿಕೆಯು ಬಲವಾಗಿರುವುದೆಂದು ವೈದ್ಯಶಾಸ್ತ್ರವು ಲೆಕ್ಕಹಾಕಿದೆ. ಇದು ಅನೇಕ ಕುಟುಂಬಗಳಲ್ಲಿ ತಂದೆತಾಯಿಗಳಿಂದ ಮಕ್ಕಳಿಗೆ ಬರುವುದೂ ಉಂಟು. ಇದರಲ್ಲಿ ಮನೋಬಲದ ಕೊರತೆಯೇನೂ ಇಲ್ಲ. ಧೈರ್ಯಶಾಲಿಯೂ ಹೀಗೆ ಬೀಳಬಹುದು.

ಹೀಗೆ ತಂದೆಯಿಂದ ಮಗನಿಗೆ ಬಂದ ಹೇಸಿಗೆಯ ಪ್ರಸಿದ್ಧವಾದ ಉದಾಹರಣೆಯು ಮೇಲೆ ಹೇಳಿದ ಡಾರ್ವಿನ್ನನ ಮನೆತನದಲ್ಲಿಯೇ ಇದೆ. ಅವನ ತಂದೆ ರಾಬರ್ಟ್ ಡಾರ್ವಿನ್ ಇಂಗ್ಲೆಂಡಿನ ಶ್ರೂಸ್‌ಬರಿ ಎಂಬ ಊರಿನಲ್ಲಿ ಹಲವು ದಶಕಗಳ ಕಾಲ ವೈದ್ಯನಾಗಿದ್ದನು. ಆ ಮನುಷ್ಯನಿಗೆ ನೆತ್ತರನ್ನು ಕಂಡರಾಗದು. ಶಸ್ತ್ರಕ್ರಿಯೆಯ ಯೋಚನೆಯೇ ಅವನಿಗೆ ಸಂಕಟವನ್ನುಂಟುಮಾಡುತ್ತಿದ್ದಿತು. ತನಗೆ ಹೊಟ್ಟೆಗಾಗುವಷ್ಟು ಬೇರೆ ಆಧಾರವಿದ್ದಿದ್ದರೆ ಈ ವೃತ್ತಿಗೆ ಬರುತ್ತಲೇ ಇರಲಿಲ್ಲವೆಂದು ಆತನು ಮಗನೊಡನೆ ಹೇಳಿಕೊಂಡಿದ್ದನು. ಹೀಗಿದ್ದರೂ ಆ ಪ್ರಾಂತದಲ್ಲಿ ಅವನಿಗೆ ದೊಡ್ಡ ಹೆಸರಾಯಿತು. ಏಕೆಂದರೆ ರೋಗಿಯ ಮನಸ್ಸನ್ನು ಅರಿಯುವುದರಲ್ಲಿಯೂ, ಸೂಕ್ಷ್ಮವಾಗಿ ನೋಡುವುದರಲ್ಲಿಯೂ, ನಂಬಿಕೆಯನ್ನು ಹುಟ್ಟಿಸುವುದರಲ್ಲಿಯೂ ಅವನಿಗೆ ಸಮಾನರು ವಿರಳ. ನೆತ್ತರನ್ನು ನೋಡಲಾರದವನು ರೋಗಿಯನ್ನು ನೋಡಬಲ್ಲವನಾಗಿದ್ದನು.

ಮಗನಾದ ಚಾರ್ಲ್ಸನನ್ನೂ ತಂದೆಯು ವೈದ್ಯನನ್ನಾಗಿ ಮಾಡಬೇಕೆಂದು ಬಯಸಿದನು. ೧೮೨೫ರ ಬೇಸಿಗೆಯಲ್ಲಿ ಹುಡುಗನು ಊರಿನ ಬಡ ರೋಗಿಗಳನ್ನು ನೋಡಿಕೊಂಡು ಬಂದು ತಂದೆಗೆ ವರದಿ ಒಪ್ಪಿಸುತ್ತಿದ್ದನು. ಒಂದು ಕಾಲಕ್ಕೆ ಅಂತಹ ಹನ್ನೆರಡು ರೋಗಿಗಳಾದರೂ ಅವನ ಪಾಲಿಗೆ ಇದ್ದರು. ಆ ಕೆಲಸದಲ್ಲಿ ಅವನಿಗೆ ಉತ್ಸಾಹವೂ ಇದ್ದಿತು. ಅದೇ ವರ್ಷ ಅವನನ್ನು ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಕಳುಹಿಸಲಾಯಿತು. ಅಲ್ಲಿ ಅವನು ಎರಡು ಶಸ್ತ್ರಕ್ರಿಯೆಗಳನ್ನು ನೋಡಹೋದನು. ಅವುಗಳಲ್ಲಿ ಒಂದು ಒಂದು ಮಗುವಿನ ಮೇಲೆ ನಡೆಯಿತು. ನೋವನ್ನು ಮರೆಯಿಸುವ ಕ್ಲೋರೋಫಾರಮ್ ಬಳಕೆಗೆ ಬಂದುದು ೧೮೪೭ರಲ್ಲಿ. ಆದುದರಿಂದ ಆ ಮಗುವು ಎಚ್ಚರದಲ್ಲಿದ್ದಿತು. ಡಾರ್ವಿನ್ನನು ಕ್ರಿಯೆಯು ಮುಗಿಯುವುದಕ್ಕೆ ಮೊದಲೇ ಹೊರಗೆ ಓಡಿಹೋದನು. ಮತ್ತೆಂದೂ ಆ ಕೊಠಡಿಯನ್ನು ಹೊಗಲಿಲ್ಲ. ೧೮೨೭ರಲ್ಲಿ ಅವನು ವೈದ್ಯವಿದ್ಯೆಯನ್ನು ಬಿಟ್ಟುಬಿಟ್ಟನು. ನಾಲ್ಕು ವರ್ಷಗಳ ತರುವಾಯ ‘ಬೀಗಲ್’ ಎಂಬ ಹಡಗನ್ನೇರಿ ಲೋಕಸಂಚಾರ ಮಾಡಿ, ಕಡೆಗೆ ೧೮೫೯ರಲ್ಲಿ ಜೀವಜಾತಿಗಳ ಉಗಮವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು.

ಇಷ್ಟನ್ನೇ ಕೇಳಿದರೆ, ಬಿಟ್ಟುದೇ ಒಳ್ಳೆಯದಾಯಿತೆಂದು ತೋರಬಹುದು. ಆದರೆ ಡಾರ್ವಿನ್ನನೇ ವೃದ್ಧಾಪ್ಯದಲ್ಲಿ ಬರೆದ ಆತ್ಮಕಥೆಯಲ್ಲಿ ಇನ್ನೊಂದು ಮಾತನ್ನೂ ಸೇರಿಸಿರುವನು. ಎಡಿನ್‌ಬರೋದಲ್ಲಿ ಶವಚ್ಛೇದನವನ್ನು ಅಭ್ಯಾಸಮಾಡಬೇಕೆಂದು ತನ್ನನ್ನು ಯಾರೂ ಒತ್ತಾಯಪಡಿಸದೆ ಹೋದುದು ತನಗಾದ ದೊಡ್ಡ ನಷ್ಟವೆಂದೂ, ಮಾಡಿದ್ದರೆ ಆ ಅಸಹ್ಯವನ್ನು ಬೇಗನೆ ಗೆಲ್ಲುತ್ತಿದ್ದೆನೆಂದೂ, ಆ ಅಭ್ಯಾಸವು ಮುಂದಿನ ಕೆಲಸಕ್ಕೆಲ್ಲ ಬಹಳ ಉಪಕಾರವಾಗುತ್ತಿತ್ತೆಂದೂ ಅವನು ಪಶ್ಚಾತ್ತಾಪಪಟ್ಟಿರುವನು. ಎಚ್ಚರವಾಗಿರುವ ಮಗುವಿನ ಸಂಕಟವನ್ನು ನೋಡಲಾರದೆ ಹೋದುದಕ್ಕೆ ಅವನು ಮರುಗಲಿಲ್ಲ. ಅಭ್ಯಾಸದಿಂದ ಹೋಗಬಹುದಾಗಿದ್ದ ಅಸಹ್ಯವನ್ನು ಹಾಗೆಯೇ ಉಳಿಸಿಕೊಂಡುದಕ್ಕೆ ಮರುಗಿದನು. ಈ ಎರಡರ ಭೇದವನ್ನು ಗುರುತಿಸಿದರೆ ಪ್ರಶ್ನೆಯ ಅರ್ಧಭಾಗವು ಬಿಡಿಸಿದಂತಾಯಿತು.

ಅಸಹ್ಯವನ್ನು ಗೆದ್ದು ಮುಂದುವರಿದವರಲ್ಲಿ ಎಲಿಜಬೆತ್ ಬ್ಲ್ಯಾಕ್‌ವೆಲ್ ಎಂಬ ಮಹಿಳೆಯ ಹೆಸರು ಅಗ್ರಗಣ್ಯವಾದುದು. ೧೮೨೧ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಅಮೇರಿಕಾಕ್ಕೆ ಹೋದ ಈಕೆಗೆ ದೇಹಕ್ಕೆ ಸಂಬಂಧಿಸಿದ ಯಾವ ಮಾತೂ ಸೇರುತ್ತಿರಲಿಲ್ಲ. ವೈದ್ಯಗ್ರಂಥವನ್ನು ಕಣ್ಣೆತ್ತಿ ನೋಡುವುದೂ ಕಷ್ಟವಾಗುತ್ತಿದ್ದಿತು. ಮರಣಶಯ್ಯೆಯಲ್ಲಿದ್ದ ಒಬ್ಬ ಗೆಳತಿಯು, ತನ್ನನ್ನು ನೋಡಿಕೊಳ್ಳಲು ಹೆಂಗಸೊಬ್ಬಳು ವೈದ್ಯಳಾಗಿ ದೊರೆತಿದ್ದರೆ ತನ್ನ ಯಾತನೆಯ ಬಹುಭಾಗವು ತಪ್ಪುತ್ತಿದ್ದಿತೆಂದು ಹೇಳಿದಳು. ಆ ಮಾತು ಬ್ಲ್ಯಾಕ್‌ವೆಲ್ಲಳ ಮನಸ್ಸಿನಿಂದ ಅಳಿಸಿಹೋಗಲಿಲ್ಲ. ಕಾಲೇಜಿಗೆ ಸೇರುವ ಮೊದಲು ಅಂಗರಚನೆಯ ಅಭ್ಯಾಸಕ್ಕೆಂದು ಆಕೆಗೆ ಸಿಕ್ಕಿದುದು ಸತ್ತ ಒಂದು ದುಂಬಿ. ಅದನ್ನು ಚಿಕ್ಕ ಚಾಕುವಿನಿಂದ ಕೊಯ್ಯುವುದಕ್ಕೂ ಆಕೆಗೆ ಕೈಬಾರದೆ ಬಹಳ ಹೊತ್ತು ತನ್ನೊಡನೆ ತಾನು ಹೋರಾಡಬೇಕಾಯಿತು. ಕಡೆಗೆ ಕೊಯ್ದುನೋಡಿದರೆ ಒಳಗೆ ಇದ್ದುದು ಚೂರು ಹಳದಿಯ ಪುಡಿ ಮಾತ್ರ! ಆದರೆ ಆ ದಿನದ ಹೋರಾಟವು ವ್ಯರ್ಥವಾಗಲಿಲ್ಲವೆಂದೂ, ಮುಂದೆ ಅಂಗರಚನೆಯನ್ನು ಕಲಿಯುವಾಗ ಅಷ್ಟು ತೀವ್ರವಾದ ಅಸಹ್ಯವನ್ನು ಎದುರಿಸಬೇಕಾಗಲಿಲ್ಲವೆಂದೂ ಆಕೆಯೇ ಬರೆದಿರುವಳು. ೧೮೪೯ರಲ್ಲಿ ಆಕೆಯು ಅಮೇರಿಕಾದಲ್ಲಿ ವೈದ್ಯಪದವಿಯನ್ನು ಪಡೆದ ಮೊದಲ ಮಹಿಳೆಯಾದಳು.

ಅದೇ ವರ್ಷದ ನವೆಂಬರಿನಲ್ಲಿ ಪ್ಯಾರಿಸ್ಸಿನ ಹೆರಿಗೆಯ ಆಸ್ಪತ್ರೆಯೊಂದರಲ್ಲಿ ಕಣ್ಣುಬೇನೆಯ ಕೂಸಿಗೆ ಉಪಚಾರ ಮಾಡುತ್ತಿದ್ದಾಗ ಸೋಂಕಿನ ದ್ರವವು ಸಿಡಿದು ಆಕೆಯ ಕಣ್ಣಿಗೆ ಬಿದ್ದಿತು. ಒಂದು ಕಣ್ಣಿನ ದೃಷ್ಟಿ ಹೋಯಿತು. ಅದರೊಡನೆ ಶಸ್ತ್ರವೈದ್ಯಳಾಗಬೇಕೆಂಬ ಆಶೆಯೂ ಹೋಯಿತು. ಆಗ ಆಕೆ ಆರೋಗ್ಯಸೇವೆಯ ಬೇರೆ ಬಾಗಿಲನ್ನು ಹಿಡಿದಳು. ೧೮೫೭ರಲ್ಲಿ ನ್ಯೂಯಾರ್ಕಿನಲ್ಲಿ ಬಡ ಹೆಂಗಸರಿಗೂ ಮಕ್ಕಳಿಗೂ ಒಂದು ಆಸ್ಪತ್ರೆಯನ್ನು ಸಂಗಡಿಗರೊಡನೆ ಸ್ಥಾಪಿಸಿದಳು. ಶುಚಿತ್ವವನ್ನೂ ರೋಗನಿವಾರಣೆಯನ್ನೂ ಬೋಧಿಸುತ್ತ ಬಾಳಿದಳು. ದೇಹದ ದ್ರವಗಳ ಭಯವು ಸುಮ್ಮನೆ ಹುಟ್ಟಿದುದಲ್ಲವೆಂಬುದಕ್ಕೂ, ಆ ಭಯವೇ ಕೊನೆಯ ಮಾತಲ್ಲವೆಂಬುದಕ್ಕೂ ಈಕೆಯ ಒಂದೇ ಜೀವನವು ನಿದರ್ಶನವಾಗಿದೆ.

ಈ ಮೂವರಲ್ಲಿಯೂ ಇದ್ದ ಹೇಸಿಗೆ ಹೆಚ್ಚುಕಡಿಮೆ ಒಂದೇ. ಬಾಳಿನ ದಾರಿಗಳು ಮಾತ್ರ ಬೇರೆ. ಇದರಿಂದ ಸಿದ್ಧವಾಗುವುದೇನೆಂದರೆ, ಹೇಸಿಗೆಯೊಂದರಿಂದಲೇ ಯಾರ ಯೋಗ್ಯತೆಯನ್ನೂ ನಿರ್ಣಯಿಸಲಾಗದು. ರೋಗಿಯ ಕಡೆಗೆ ಮನಸ್ಸು ಎಷ್ಟು ತಿರುಗಿದೆ, ಅಭ್ಯಾಸಕ್ಕೆ ಎಷ್ಟು ಅವಕಾಶ ದೊರೆತಿದೆ, ಯಾವ ಬಾಗಿಲು ಅವನಿಗೆ ಹೊಂದುವುದು ಎಂಬ ಮೂರು ಸಂಗತಿಗಳನ್ನು ಕೂಡಿಸಿ ನೋಡಬೇಕಾಗುವುದು.

ಇಲ್ಲಿ ಮೂರನೆಯದೊಂದು ತೊಡಕನ್ನೂ ಬಿಡಿಸಬೇಕು. ಈ ದೇಶದಲ್ಲಿ ದೇಹದ ದ್ರವಗಳೆಂದರೆ ವಾಕರಿಕೆಯ ಜೊತೆಗೆ ಮೈಲಿಗೆಯ ಕಲ್ಪನೆಯೂ ಸೇರಿಕೊಂಡಿರುವುದು. ಬಾಣಂತಿಯನ್ನು ಮುಟ್ಟಿದರೆ ಮೈಲಿಗೆ, ಹೆಣವನ್ನು ಮುಟ್ಟಿದರೆ ಮೈಲಿಗೆ, ಮುಟ್ಟು ಮೈಲಿಗೆ, ಎಂಜಲು ಮೈಲಿಗೆ. ದಾದಿಯರ ಕೆಲಸವನ್ನು ಬಹುಕಾಲ ಕೀಳೆಂದು ಎಣಿಸಿದುದಕ್ಕೆ ಇದೂ ಒಂದು ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಜನನ, ಮರಣ, ರಜಸ್ಸು, ಎಂಜಲು, ಜಾತಿ — ಈ ಐದು ಸೂತಕಗಳನ್ನೂ ಶರಣಧರ್ಮವು ಅಲ್ಲಗಳೆದುದು ಈ ಸಭೆಗೆ ಹೊಸದಾಗಿ ತಿಳಿಸಬೇಕಾದ ವಿಷಯವಲ್ಲ. ಆ ಐದರಲ್ಲಿ ಮೊದಲ ನಾಲ್ಕೂ ದಾದಿಯು ದಿನನಿತ್ಯವೂ ಮುಟ್ಟುವ ಸಂಗತಿಗಳೇ ಆಗಿರುವುದು ಗಮನಿಸತಕ್ಕುದಾಗಿದೆ. ಸೂತಕವಿಲ್ಲವೆಂದು ಬಾಯಲ್ಲಿ ಒಪ್ಪುವ ಮನೆಯು, ಮಗಳು ದಾದಿಯಾಗಲು ಹೊರಟಾಗ ಮುಖವನ್ನು ಸಿಂಡರಿಸಿದರೆ ಆ ಒಪ್ಪಿಗೆಗೆ ಬೆಲೆಯೇನು?

ಕಲಿಕತ್ತೆಯಲ್ಲಿ ೧೮೩೫ರಲ್ಲಿ ವೈದ್ಯಕೀಯ ಕಾಲೇಜು ಸ್ಥಾಪನೆಯಾದಾಗ, ಮೇಲುಜಾತಿಯ ವಿದ್ಯಾರ್ಥಿಗಳು ಹೆಣವನ್ನು ಮುಟ್ಟುವರೇ ಎಂಬುದೇ ದೊಡ್ಡ ಶಂಕೆಯಾಗಿದ್ದಿತು. ಆಯುರ್ವೇದ ಪಂಡಿತರಾಗಿದ್ದ ಮಧುಸೂದನ ಗುಪ್ತರು ೧೮೩೬ರಲ್ಲಿ ಅಲ್ಲಿ ಶವಚ್ಛೇದನವನ್ನು ಮಾಡಿ ಆ ಶಂಕೆಯನ್ನು ನಿವಾರಿಸಿದರು. ಮೈಲಿಗೆಯ ಅಂಜಿಕೆಯು ವಿಚಾರದಿಂದ ಹೋಗುವುದು. ದೇಹದ ವಾಕರಿಕೆಯಾದರೋ ಅಭ್ಯಾಸದಿಂದಲೇ ಹೋಗತಕ್ಕುದು. ಮೊದಲನೆಯದನ್ನು ಎರಡನೆಯದೆಂದು ತಿಳಿದು ಮೋಸಹೋಗಬಾರದು.

ರೋಗದ ಸೋಂಕು ಮಾತ್ರ ಕಲ್ಪನೆಯಲ್ಲ, ನಿಜ. ಅದಕ್ಕೆ ಕೈಗವುಸು, ಮುಖಗವುಸು, ಕಣ್ಣಿನ ಕವಚ, ಕೈತೊಳೆತ, ಕಾಮಾಲೆಯ ಬಿ-ವಿಧಕ್ಕೆ ಲಸಿಕೆ ಮೊದಲಾದ ರಕ್ಷೆಗಳು ಈಗ ಇವೆ. ಯಾರ ರಕ್ತವಾದರೂ ಸೋಂಕಿನದೇ ಆಗಿರಬಹುದೆಂದು ಭಾವಿಸಿ, ಎಲ್ಲ ರೋಗಿಗಳಲ್ಲಿಯೂ ಒಂದೇ ಎಚ್ಚರವನ್ನು ಪಾಲಿಸುವ ನಿಯಮವು ೧೯೮೦ರ ದಶಕದಿಂದ ಲೋಕದಲ್ಲೆಲ್ಲ ಬಳಕೆಗೆ ಬಂದಿದೆ. ಅಕಸ್ಮಾತ್ತಾಗಿ ಬಳಸಿದ ಸೂಜಿ ಚುಚ್ಚಿದರೆ ಸಾಬೂನು ನೀರಿನಿಂದ ತೊಳೆದು ಒಡನೆಯೇ ಮೇಲಿನವರಿಗೆ ತಿಳಿಸಬೇಕು, ಎಚ್‌.ಐ.ವಿ. ಸೋಂಕನ್ನು ತಡೆಯುವ ಔಷಧವನ್ನು ೭೨ ಗಂಟೆಗಳೊಳಗೆ, ಎಷ್ಟು ಬೇಗನೆ ಆದರೆ ಅಷ್ಟು ಒಳ್ಳೆಯದು, ಪ್ರಾರಂಭಿಸಬೇಕು. ರಕ್ಷೆಯ ಕ್ರಮವನ್ನು ಚೆನ್ನಾಗಿ ಬಲ್ಲವನ ಕೈ ನಡುಗುವುದು ಕಡಿಮೆ.

ಹಾಗಾದರೆ ಅಭ್ಯಾಸದ ಕ್ರಮವೇನು? ಈ ಪ್ರಶ್ನೆಗೆ ಬಹು ಹಳೆಯ ಉತ್ತರವೊಂದು ಈ ನಾಡಿನಲ್ಲಿಯೇ ಇದೆ. ಸುಶ್ರುತಸಂಹಿತೆಯಲ್ಲಿ, ಶಾಸ್ತ್ರವನ್ನು ಎಷ್ಟು ಓದಿದ್ದರೂ ಕೈಯ ಅಭ್ಯಾಸವಿಲ್ಲದವನು ಕೆಲಸಕ್ಕೆ ಬಾರನೆಂದು ಹೇಳಿ, ಶಿಷ್ಯನಿಗೆ ಮೆಟ್ಟಲು ಮೆಟ್ಟಲಾಗಿ ಪಾಠವನ್ನು ವಿಧಿಸಲಾಗಿದೆ. ಕೊಯ್ಯುವುದನ್ನು ಕುಂಬಳಕಾಯಿ, ಸೋರೆಕಾಯಿ, ಸೌತೆಕಾಯಿಗಳ ಮೇಲೆ ಕಲಿಯಬೇಕು. ಸೀಳುವುದನ್ನು ನೀರು ತುಂಬಿದ ತೊಗಲಿನ ಚೀಲದ ಮೇಲೆ. ರಕ್ತನಾಳವನ್ನು ಚುಚ್ಚುವುದನ್ನು ಸತ್ತ ಪ್ರಾಣಿಗಳ ನಾಳಗಳ ಮತ್ತು ತಾವರೆಯ ದಂಟಿನ ಮೇಲೆ. ಹೊಲಿಯುವುದನ್ನು ಬಟ್ಟೆಯ ಮತ್ತು ಮೆದುವಾದ ತೊಗಲಿನ ಮೇಲೆ. ಪಟ್ಟಿ ಕಟ್ಟುವುದನ್ನು ಗೊಂಬೆಯ ಮೇಲೆ. ಕುಂಬಳಕಾಯಿಯಿಂದ ತೊಡಗಿ ಕಡೆಗೆ ಮನುಷ್ಯನ ಮೈಯನ್ನು ಮುಟ್ಟುವ ಈ ಕ್ರಮದಲ್ಲಿ ಕೈಗೂ ಮನಸ್ಸಿಗೂ ಏಕಕಾಲದಲ್ಲಿ ಶಿಕ್ಷಣವಾಗುವುದು. ಅಂಜಿಕೆಯನ್ನೂ ಅಸಹ್ಯವನ್ನೂ ಕಳೆಯಲು ಇಂದಿನ ಮನಶ್ಶಾಸ್ತ್ರವು ಹೇಳುವ ಉಪಾಯವೂ ಇದೇ: ಸುಲಭವಾದುದರಿಂದ ಪ್ರಾರಂಭಿಸಿ, ಓಡಿಹೋಗದೆ ಅಲ್ಲಿಯೇ ನಿಂತು, ಮನಸ್ಸು ತಿಳಿಯಾದ ಮೇಲೆ ಮುಂದಿನ ಮೆಟ್ಟಲಿಗೆ ಕಾಲಿಡುವುದು. ಮೊದಲು ಚಿತ್ರ, ಆಮೇಲೆ ಚಲಚ್ಚಿತ್ರ, ಆಮೇಲೆ ಪರೀಕ್ಷಾಲಯದ ಸೀಸೆಯಲ್ಲಿರುವ ರಕ್ತ, ಆಮೇಲೆ ಗಾಯಕ್ಕೆ ಪಟ್ಟಿ ಕಟ್ಟುವವರ ಪಕ್ಕದಲ್ಲಿ ನಿಲ್ಲುವುದು. ಅಸಹ್ಯವು ಭಯಕ್ಕಿಂತ ನಿಧಾನವಾಗಿ ಇಳಿಯುವುದಾದುದರಿಂದ ಇಲ್ಲಿ ತಾಳ್ಮೆಯೇ ಮುಖ್ಯ.

ಬವಳಿ ಬರುವವರಿಗೆ ಬೇರೊಂದು ಉಪಾಯವುಂಟು. ಸ್ವೀಡನ್ ದೇಶದ ಮನಶ್ಶಾಸ್ತ್ರಜ್ಞ ಲಾರ್ಸ್-ಯೋರಾನ್ ಓಸ್ಟ್ ಅವರು ತಮ್ಮ ಸಹೋದ್ಯೋಗಿಯೊಡನೆ ೧೯೮೭ರಲ್ಲಿ ಇದರ ವಿಧಾನವನ್ನು ಪ್ರಕಟಿಸಿದರು. ಕುಳಿತುಕೊಂಡು ಕೈ, ಎದೆ, ಕಾಲುಗಳ ಮಾಂಸಖಂಡಗಳನ್ನು ೧೦ರಿಂದ ೧೫ ಸೆಕೆಂಡುಗಳವರೆಗೆ, ಮುಖವು ಬೆಚ್ಚಗಾಗುವ ತನಕ, ಬಿಗಿಹಿಡಿಯಬೇಕು. ಆಮೇಲೆ ೨೦ರಿಂದ ೩೦ ಸೆಕೆಂಡು, ಪೂರ್ತಿಯಾಗಿ ಸಡಲಿಸದೆ, ಮೊದಲಿನ ಸ್ಥಿತಿಗೆ ತರಬೇಕು. ಹೀಗೆ ಐದು ಸಲ ಮಾಡಬೇಕು. ಇದನ್ನು ಪ್ರತಿದಿನವೂ ರೂಢಿಸಿಕೊಂಡರೆ, ನೆತ್ತರನ್ನು ಕಂಡು ಒತ್ತಡವು ಇಳಿಯತೊಡಗುವ ಗಳಿಗೆಯಲ್ಲಿ ಅದನ್ನು ಮತ್ತೆ ಏರಿಸಿಕೊಳ್ಳಲು ಸಾಧ್ಯವಾಗುವುದು. ಹೆದರಿಕೆಗೆ ಮೈಯನ್ನು ಸಡಲಬಿಡಬೇಕೆಂಬ ಸಾಮಾನ್ಯ ಉಪದೇಶವು ಇಲ್ಲಿ ಒಪ್ಪದು. ಇವರಿಗೆ ಬೇಕಾದುದು ಬಿಗಿ. ಇದರೊಡನೆ ಬರಿಯ ಹೊಟ್ಟೆಯಲ್ಲಿ ಶಸ್ತ್ರಕ್ರಿಯೆಯ ಕೊಠಡಿಗೆ ಹೋಗದಿರುವುದು, ಸಾಕಷ್ಟು ನೀರು ಕುಡಿಯುವುದು, ಕಣ್ಣು ಮಂಜಾದೊಡನೆ ನಾಚದೆ ನೆಲದಲ್ಲಿ ಕುಳಿತುಕೊಳ್ಳುವುದು ಅಥವಾ ಮಲಗಿಕೊಳ್ಳುವುದು, ಮೊದಲೇ ಗುರುಗಳಿಗೆ ತಿಳಿಸಿರುವುದು — ಇವು ಸಣ್ಣ ಮಾತುಗಳಾದರೂ ತಲೆಯನ್ನು ಒಡೆದುಕೊಳ್ಳುವುದರಿಂದ ಕಾಪಾಡುವುವು. ನಿಂತ ನಿಲುವಿನಲ್ಲಿ ಬೀಳುವುದಕ್ಕಿಂತ ಕುಳಿತುಕೊಳ್ಳುವುದರಲ್ಲಿ ಅಪಮಾನವೇನೂ ಇಲ್ಲ. ಪದೇ ಪದೇ ಬೀಳುವವರು ಮಾತ್ರ ಬೇರೆ ರೋಗವೇನೂ ಇಲ್ಲವೆಂದು ವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳತಕ್ಕುದು.

ಅಭ್ಯಾಸದ ಫಲಕ್ಕೆ ಒಂದು ಮಿತಿಯೂ ಉಂಟು. ಅಮೇರಿಕಾದ ಪಾಲ್ ರೋಜಿನ್ ಎಂಬ ಮನಶ್ಶಾಸ್ತ್ರಜ್ಞರು ಶವಚ್ಛೇದನವನ್ನು ಕೆಲವು ತಿಂಗಳು ಮಾಡಿದ ವೈದ್ಯವಿದ್ಯಾರ್ಥಿಗಳನ್ನು ಕುರಿತು ನಡೆಸಿ ೨೦೦೮ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಆ ವಿದ್ಯಾರ್ಥಿಗಳಿಗೆ ತಣ್ಣಗಾದ ಹೆಣವನ್ನು ಮುಟ್ಟುವ ಅಸಹ್ಯವು ಬಹಳ ಕಡಿಮೆಯಾದರೂ, ಆಗತಾನೆ ಸತ್ತು ಇನ್ನೂ ಬೆಚ್ಚಗಿರುವ ಹೆಣದ ವಿಷಯದಲ್ಲಿ ಹಾಗೆ ಕಡಿಮೆಯಾಗಲಿಲ್ಲವೆಂದು ಕಂಡುಬಂದಿತು. ಎಂದರೆ ಮನಸ್ಸು ಯಾವುದನ್ನು ರೂಢಿಸುವುದೋ ಅದನ್ನು ಮಾತ್ರ ಗೆಲ್ಲುವುದು. ಶವವನ್ನು ಗೆದ್ದವನಿಗೆ ಕಫವು ಹೊಸದಾಗಿಯೇ ಕಾಣಬಹುದು. ಆದುದರಿಂದ ಮೊದಲ ವರ್ಷವೇ ಎಲ್ಲವೂ ಸರಿಹೋಗಲಿಲ್ಲವೆಂದು ಯಾರೂ ಎದೆಗುಂದಬೇಕಾದುದಿಲ್ಲ.

ಇಷ್ಟು ಹೊತ್ತು ಕಲಿಯುವವನ ಕಷ್ಟವನ್ನು ವಿಚಾರಿಸಿದುದಾಯಿತು. ಹಾಸಿಗೆಯ ಮೇಲೆ ಮಲಗಿರುವವನ ಕಷ್ಟವನ್ನು ಮರೆಯಬಾರದು. ತನ್ನ ಮಲಮೂತ್ರಗಳ ಮೇಲೆ ತನಗೆ ಹತೋಟಿಯಿಲ್ಲದೆ ಪರರ ಕೈಯಲ್ಲಿ ಸಿಕ್ಕಿಬಿದ್ದ ರೋಗಿಯು ಮೊದಲೇ ನಾಚಿಕೆಯಿಂದ ಕುಗ್ಗಿರುವನು. ಬಟ್ಟೆ ಬದಲಾಯಿಸಲು ಬಂದವರ ಮುಖವನ್ನೇ ಅವನು ನೋಡುತ್ತಿರುವನು. ಆ ಮುಖದಲ್ಲಿ ಮೂಗಿನ ಒಂದು ಸುಕ್ಕು ಕಂಡರೂ ಅವನಿಗೆ ತಾನೇ ಒಂದು ಹೇಸಿಗೆಯಾದೆನೆಂಬ ನೋವು. ನಾಚಿ ತನ್ನ ತೊಂದರೆಯನ್ನು ಮರೆಮಾಚುವ ರೋಗಿಯ ಹುಣ್ಣು ಒಳಗೇ ಬೆಳೆಯುವುದು. ಹೀಗೆ ಶುಶ್ರೂಷೆ ಮಾಡುವವರ ಮುಖಭಾವವೂ ಚಿಕಿತ್ಸೆಯ ಒಂದು ಅಂಗವೇ ಆಗಿದೆ.

ಆದರೆ ಇಲ್ಲಿಯೇ ಒಂದು ಸಮಾಧಾನವೂ ಉಂಟು. ತಾಯಂದಿರಿಗೆ ಕೂಸುಗಳ ಮಲದ ಬಟ್ಟೆಗಳನ್ನು ಮೂಸಿನೋಡಲು ಕೊಟ್ಟು ನಡೆಸಿ ೨೦೦೬ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಯಾವುದು ಯಾರದೆಂದು ತಿಳಿಸದಿದ್ದಾಗಲೂ ತಾಯಂದಿರು ತಮ್ಮ ಕೂಸಿನದನ್ನು ಇತರ ಕೂಸುಗಳದ್ದಕ್ಕಿಂತ ಕಡಿಮೆ ಅಸಹ್ಯವೆಂದೇ ಎಣಿಸಿದರು. ಈ ಸಭೆಯಲ್ಲಿರುವ ತಾಯಂದಿರಿಗೆ ಇದಕ್ಕೆ ಪ್ರಯೋಗವೇ ಬೇಕಾಗಿರಲಾರದು. ವಸ್ತುವು ಒಂದೇ ಆದರೂ ಸಂಬಂಧವು ಬದಲಾದರೆ ಹೇಸಿಗೆಯೂ ಬದಲಾಗುವುದು. ನುರಿತ ದಾದಿಯರ ಕಣ್ಣು ಪಾತ್ರೆಯಲ್ಲಿರುವುದರ ಮೇಲೆಯೇ ನಿಂತುಹೋಗುವುದಿಲ್ಲ, ಮಲಗಿರುವವನ ಮೇಲೆ ಇರುವುದು: ಇವನಿಗೆ ಚಳಿಯಾಗುತ್ತಿದೆಯೇ? ಬೆನ್ನು ಹುಣ್ಣಾಗುತ್ತಿದೆಯೇ? ಕಫದಲ್ಲಿ ರಕ್ತ ಬಂದಿದೆಯೇ? ಹೀಗೆ ಕೇಳಿಕೊಳ್ಳತೊಡಗಿದ ಮನಸ್ಸಿಗೆ ಆ ದ್ರವವು ರೋಗದ ಸಮಾಚಾರವನ್ನು ತಂದ ಪತ್ರದಂತೆ ಆಗುವುದು. ವಾಕರಿಸಲು ಅದಕ್ಕೆ ಬಿಡುವು ಕಡಿಮೆಯಾಗುವುದು.

ಪ್ರಾಮಾಣಿಕವಾಗಿ ಯತ್ನಿಸಿದ ಮೇಲೆಯೂ ಕೆಲವರಿಗೆ ಇದು ಸಾಧ್ಯವಾಗದಿರಬಹುದು. ಅಂತಹವರಿಗೆ ಆರೋಗ್ಯಸೇವೆಯ ಬಾಗಿಲು ಮುಚ್ಚಿತೆಂದು ತಿಳಿಯತಕ್ಕುದಲ್ಲ. ಔಷಧಗಳನ್ನು ಸಿದ್ಧಪಡಿಸಿ ಕೊಡುವವರು, ಕ್ಷಕಿರಣಚಿತ್ರಗಳನ್ನು ತೆಗೆಯುವವರು, ಕೀಲು ಮತ್ತು ಮಾಂಸಖಂಡಗಳಿಗೆ ವ್ಯಾಯಾಮಚಿಕಿತ್ಸೆ ಮಾಡುವವರು, ಕಣ್ಣಿನ ದೃಷ್ಟಿಯನ್ನು ಪರೀಕ್ಷಿಸುವವರು, ಪಥ್ಯವನ್ನು ನಿರ್ಣಯಿಸುವವರು, ಆಸ್ಪತ್ರೆಯ ದಾಖಲೆಗಳನ್ನು ಇಡುವವರು — ಇವರಿಲ್ಲದೆ ಒಂದು ದಿನವೂ ಆಸ್ಪತ್ರೆಯು ನಡೆಯದು. ಇಂತಹ ಹಲವು ವೃತ್ತಿಗಳ ಶಿಕ್ಷಣವನ್ನು ಕ್ರಮಪಡಿಸಲು ಭಾರತದ ಸಂಸತ್ತು ೨೦೨೧ರಲ್ಲಿ ಒಂದು ಪ್ರತ್ಯೇಕ ಕಾನೂನನ್ನೇ ಮಾಡಿದೆ. ಮೈಸೂರಿನಲ್ಲಿ ೧೯೬೫ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು ಬಾರದ ಮತ್ತು ಕಿವಿ ಕೇಳದ ಮಕ್ಕಳಿಗೆ ನೆರವಾಗುವ ವಿದ್ಯೆಯನ್ನು ಕಲಿಸುವರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮನಸ್ಸಿನ ರೋಗಗಳ ಚಿಕಿತ್ಸೆಗೆ ಬೇಕಾದ ನಾನಾ ವಿದ್ಯೆಗಳನ್ನು ಕಲಿಸುವರು. ಆದರೆ ಒಂದು ಎಚ್ಚರಿಕೆ: ಇವುಗಳಲ್ಲಿಯೂ ದೇಹದ ದ್ರವಗಳ ಸಂಪರ್ಕವು ಪೂರ್ತಿಯಾಗಿ ತಪ್ಪುವುದಿಲ್ಲ. ಕ್ಷಕಿರಣದ ಕೊಠಡಿಗೆ ಅಪಘಾತದ ಗಾಯಾಳುಗಳು ಬರುವರು. ನುಂಗಲು ಕಲಿಸುವವರ ಮುಂದೆ ಜೊಲ್ಲು ಸುರಿಯುವುದು. ಮನೋರೋಗದ ವೈದ್ಯನಾಗಬೇಕೆಂದರೂ ಮೊದಲು ಎಂ.ಬಿ.ಬಿ.ಎಸ್. ಪದವಿಯ ಶವಚ್ಛೇದನವನ್ನೂ ಹೆರಿಗೆಯ ಕೋಣೆಯನ್ನೂ ದಾಟಿಯೇ ಹೋಗಬೇಕು. ಇದನ್ನು ಮೊದಲೇ ತಿಳಿದು ಹೋಗುವುದು ಲೇಸು.

ಕಡೆಯದಾಗಿ ಹಿರಿಯರಿಗೆ ಒಪ್ಪಿಸತಕ್ಕ ಮಾತು. ಲಕ್ಷಗಟ್ಟಲೆ ಹಣವನ್ನು ತೆತ್ತು ಸ್ಥಳವನ್ನು ಹಿಡಿಯುವ ಮೊದಲು ಮಗುವಿಗೆ ಪರೀಕ್ಷಿಸಿ ನೋಡಿಕೊಳ್ಳಲು ಅವಕಾಶ ಕೊಡಿರಿ. ಪರಿಚಯದ ದವಾಖಾನೆಯಲ್ಲಿ ಅನುಮತಿ ಪಡೆದು ಕೆಲವು ದಿನ ಕುಳಿತು ನೋಡಲಿ. ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜನೋ ಅಜ್ಜಿಯೋ ಇದ್ದರೆ, ಅವರ ಮೈ ಒರಸುವ, ಬಟ್ಟೆ ಬದಲಿಸುವ ಕೆಲಸದಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮನಾಗಿ ಪಾಲು ಕೊಡಿರಿ; ಅದಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ. ಆಮೇಲೆ ಮೂರು ಸಂಗತಿಗಳನ್ನು ಗಮನಿಸಿರಿ. ಮೊದಲ ದಿನಕ್ಕಿಂತ ಹತ್ತನೆಯ ದಿನ ಸಂಕಟವು ಸ್ವಲ್ಪವಾದರೂ ಕಡಿಮೆಯಾಯಿತೆ? ಸಂಕಟದ ನಡುವೆಯೂ ಮಗುವಿನ ಕಣ್ಣು ರೋಗಿಯ ಮೇಲೆ ಇದ್ದಿತೆ? ಮನೆಗೆ ಬಂದ ಮೇಲೆ ಮರುದಿನ ಹೋಗಬೇಕೆಂಬ ಇಚ್ಛೆ ಉಳಿಯಿತೆ? ಈ ಮೂರಕ್ಕೂ ಹೌದೆಂಬ ಉತ್ತರವು ಬಂದರೆ ಹೇಸಿಗೆಯನ್ನು ನೆಪಮಾಡಿ ತಡೆಯಬೇಡಿರಿ. ಮೂರಕ್ಕೂ ಇಲ್ಲವೆಂದಾದರೆ ಮನೆತನದ ಮರ್ಯಾದೆಯನ್ನು ನೆಪಮಾಡಿ ತಳ್ಳಬೇ‍ಡಿರಿ. ಇಚ್ಛೆಯಿಲ್ಲದ ಕೈಯಿಂದ ಶುಶ್ರೂಷೆ ಪಡೆಯುವ ರೋಗಿಗೂ ಅದರಿಂದ ಅನ್ಯಾಯವಾಗುವುದು. ಒಂದಕ್ಕೆ ಹೌದು, ಇನ್ನೊಂದಕ್ಕೆ ಇಲ್ಲವೆಂದಾದರೆ, ಇನ್ನೂ ಕೆಲವು ದಿನಗಳ ಅವಧಿಯನ್ನು ಕೊಟ್ಟು ನೋಡಿರಿ.

ತರುಣರೇ, ತರುಣಿಯರೇ, ಕೈ ನಡುಗಿತೆಂದು ನಾಚಬೇಡಿರಿ. ನಡುಗಿದ ಕೈಯನ್ನು ತೊಳೆದುಕೊಂಡು, ಕವುಸು ತೊಟ್ಟುಕೊಂಡು, ಮತ್ತೆ ರೋಗಿಯ ಬಳಿಗೆ ಬಂದವರೇ ಈ ವೃತ್ತಿಯಲ್ಲಿ ಬಹಳ ಜನ. ಬರಲಾರದವರು ಬೇರೆ ಬಾಗಿಲಿನಿಂದ ಬಂದು ಅದೇ ರೋಗಿಯ ಕೆಲಸವನ್ನು ಮಾಡಿದರೆ ಅದೂ ಅಷ್ಟೇ ಹಿರಿದಾದ ಕಾಯಕ.